ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮಂತ್ರನಿಯಮಗಳು: ಸಂದಿಗ್ಧತೆ ಮತ್ತು ವ್ಯಾಖ್ಯಾನಾಧಿಕಾರ

೧೯೭೪ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಪಟ್ಟಣದಿಂದ ಮೂರು ತೆಳು ಪುಸ್ತಿಕೆಗಳನ್ನೊಳಗೊಂಡ ಒಂದು ಪೆಟ್ಟಿಗೆ ಮಾರಾಟಕ್ಕೆ ಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ, ಟಿಎಸ್‌ಆರ್ ಎಂಬ ಹೊಸ ಸಂಸ್ಥೆ ಪ್ರಕಟಿಸಿದ ಈ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಬೆಲೆ ಹತ್ತು ಡಾಲರ್. ಮೊದಲ ಮುದ್ರಣ ೧೦೦೦ ಪ್ರತಿ. ಚದುರಂಗದಂತೆ ಇದಕ್ಕೆ ಮನೆಗಳ ಹಾಸು ಅನಿವಾರ್ಯವಲ್ಲ, ಗೆಲುವು ಸೋಲುಗಳೂ ಸ್ಪಷ್ಟವಿಲ್ಲ. ಮೇಜಿನ ಸುತ್ತ ಕುಳಿತವರು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬರು ಮಾತ್ರ ಪಾತ್ರ ವಹಿಸದೆ ಕಲ್ಪಿತ ಲೋಕವನ್ನು ಬಣ್ಣಿಸುತ್ತ, ಪಾತ್ರಗಳ ಕ್ರಿಯೆಗೆ ಫಲವೇನೆಂದು ದಾಳಗಳ ಸಹಾಯದಿಂದ ತೀರ್ಮಾನಿಸುತ್ತಾರೆ. ಈ ವ್ಯಕ್ತಿಯನ್ನು ಮೂಲ ಪುಸ್ತಿಕೆಗಳು ನಿರ್ಣಾಯಕ ಎಂದೇ ಕರೆದವು. ಡಂಜನ್ ಮಾಸ್ಟರ್ ಎಂಬ ಹೆಸರು ಆಮೇಲೆ ರೂಢಿಗೆ ಬಂದಿತು.

ಆಟದ ಮಾಂತ್ರಿಕ ಪಾತ್ರಗಳು ಬಳಸುವ ಮಂತ್ರಗಳಿಗೆ ಪುಸ್ತಿಕೆಯಲ್ಲಿ ಒಂದೊಂದಕ್ಕೆ ಕೆಲವೇ ಸಾಲುಗಳ ವಿವರಣೆಯಿತ್ತು. ಆ ಸಾಲುಗಳ ಅರ್ಥವೇನೆಂಬ ವಿವಾದ ಅಂದು ಆರಂಭವಾದದ್ದು ಐದು ದಶಕಗಳು ಕಳೆದರೂ ನಿಂತಿಲ್ಲ. ಮೇಲ್ನೋಟಕ್ಕೆ ಇದು ಹುಡುಗಾಟದ ಜಗಳವೆನಿಸಬಹುದು. ಆದರೆ ಪಠ್ಯ, ಪಠ್ಯಕಾರ, ನಿರ್ಣಾಯಕ ಈ ಮೂವರಲ್ಲಿ ಅಂತಿಮ ಮಾತು ಯಾರದು ಎಂಬ ಹಳೆಯ ಪ್ರಶ್ನೆ, ಲಿಖಿತ ದಾಖಲೆಗಳ ಸಹಿತ ಒಂದೇ ತಲೆಮಾರಿನ ಕಣ್ಣೆದುರು ಬೆಳೆದ ಅಪರೂಪದ ನಿದರ್ಶನ ಇಲ್ಲಿದೆ. ಮಂತ್ರನಿಯಮಗಳ ಸಂದಿಗ್ಧತೆಯನ್ನು ಸಾಮಾನ್ಯವಾಗಿ ಗೈಗ್ಯಾಕ್ಸ್ ಅವರ ಅಜಾಗರೂಕ ಬರವಣಿಗೆಯ ಫಲವೆಂದು ಹೇಳಿ ಕೈತೊಳೆದುಕೊಳ್ಳುವುದುಂಟು. ಅದು ಅರ್ಧ ಸತ್ಯ ಮಾತ್ರ. ನಿರ್ಣಾಯಕನೊಬ್ಬನು ಇದ್ದೇ ಇರುತ್ತಾನೆಂದು ನಂಬಿ ಬರೆದ ಪಠ್ಯವನ್ನು, ನಿರ್ಣಾಯಕನ ಅಗತ್ಯವಿಲ್ಲದ ಶಾಸನದಂತೆ ಓದಲು ಹೊರಟಾಗ ಹುಟ್ಟಿದ ತೊಡಕು ಇದು. ಈ ಮಾತಿನ ಸಮರ್ಥನೆಗೆ ಆಟದ ಪೂರ್ವಚರಿತ್ರೆಯತ್ತ ಹೊರಳಬೇಕು.

ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ೧೮೨೪ರಲ್ಲಿ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧಕ್ರೀಡೆಯಲ್ಲಿ ಭೂಪಟ, ದಾಳ, ನಷ್ಟದ ಕೋಷ್ಟಕಗಳ ಜೊತೆಗೆ ಎರಡೂ ಪಕ್ಷಗಳ ನಡುವೆ ನಿಲ್ಲುವ ಒಬ್ಬ ನಿರ್ಣಾಯಕನಿದ್ದನು. ಅರ್ಧ ಶತಮಾನದಲ್ಲಿ ಕೋಷ್ಟಕಗಳು ಬೆಳೆದು ಆಟ ಆಮೆನಡಿಗೆಗೆ ಇಳಿಯಿತು. ೧೮೭೬ರಲ್ಲಿ ಫೆರ್ಡಿ ದ್ಯು ವೆರ್ನ್ವಾ ಎಂಬ ಅನುಭವಿ ಸೇನಾನಿ, ಕೋಷ್ಟಕಗಳನ್ನು ಬದಿಗಿಟ್ಟು ಯುದ್ಧವನ್ನು ಕಂಡುಂಡ ನಿರ್ಣಾಯಕನ ವಿವೇಕಕ್ಕೇ ತೀರ್ಪನ್ನು ಬಿಡಬೇಕೆಂದು ಪ್ರತಿಪಾದಿಸಿದರು. ಬಿಗಿ ಕ್ರೀಡೆ, ಮುಕ್ತ ಕ್ರೀಡೆ ಎಂಬ ಎರಡು ಪಂಥಗಳು ಹೀಗೆ ಹುಟ್ಟಿದವು. ಅಮೆರಿಕದ ಚಾರ್ಲ್ಸ್ ಟಾಟನ್ ೧೮೮೦ರಲ್ಲಿ ಪ್ರಕಟಿಸಿದ ಸ್ಟ್ರಾಟೆಗೋಸ್ ಎಂಬ ಗ್ರಂಥವೂ ನಿರ್ಣಾಯಕನಿಗೆ ವ್ಯಾಪಕ ಅಧಿಕಾರ ನೀಡಿತ್ತು. ಈ ಮರೆತ ಗ್ರಂಥವನ್ನು ೧೯೬೦ರ ದಶಕದಲ್ಲಿ ಮಿನೆಸೋಟದ ಯುದ್ಧಕ್ರೀಡಾಸಕ್ತ ಡೇವಿಡ್ ವೆಸ್ಲಿ ಗ್ರಂಥಾಲಯದಲ್ಲಿ ಕಂಡುಕೊಂಡು ಗೆಳೆಯರ ನಡುವೆ ಮತ್ತೆ ಚಾಲ್ತಿಗೆ ತಂದರು. ೧೯೬೯ರಲ್ಲಿ ಅವರು ನಡೆಸಿದ ಬ್ರೌನ್‌ಸ್ಟೈನ್ ಎಂಬ ಆಟದಲ್ಲಿ ಆಟಗಾರರು ಸೈನ್ಯಗಳ ಬದಲು ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ ವಹಿಸಿದರು. ಆ ಬಳಗದಲ್ಲಿ ಇದ್ದವರೇ ಡೇವ್ ಆರ್ನೆಸನ್. ಅವರು ಮುಂದೆ ರೂಪಿಸಿದ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡಿನಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಬಹುಮಟ್ಟಿಗೆ ಅವರ ಬಾಯಿಮಾತಿನಲ್ಲೇ ಇತ್ತು.

ಗೈಗ್ಯಾಕ್ಸ್ ಬಂದದ್ದು ಇನ್ನೊಂದು ದಾರಿಯಿಂದ. ಜೆಫ್ ಪೆರೆನ್ ಜೊತೆ ಅವರು ೧೯೭೧ರಲ್ಲಿ ಪ್ರಕಟಿಸಿದ ಚೈನ್‌ಮೇಲ್ ಎಂಬ ಮಧ್ಯಯುಗೀನ ಯುದ್ಧನಿಯಮಗಳ ಪುಸ್ತಿಕೆಗೆ ಅದ್ಭುತ ಲೋಕದ ಅನುಬಂಧವೊಂದಿತ್ತು. ಅದರಲ್ಲಿ ಮಾಂತ್ರಿಕನು ಎಸೆಯುವ ಬೆಂಕಿಯುಂಡೆಗೆ ದೊಡ್ಡ ಕಲ್ಲೆಸೆಯುವ ಯಂತ್ರದ ವ್ಯಾಪ್ತಿಯನ್ನೂ, ಸಿಡಿಲಿಗೆ ಭಾರೀ ಫಿರಂಗಿಯ ಪರಿಣಾಮವನ್ನೂ ನಿಗದಿಪಡಿಸಲಾಗಿತ್ತು. ಅಂದರೆ ಮಂತ್ರವು ಮೂಲತಃ ಮರಳುಮೇಜಿನ ಮೇಲಿನ ಆಯುಧ, ಅಳತೆ ಅಂಗುಲಗಳಲ್ಲಿ. ಮೇಜಿನ ಮೇಲೆ ಅಂಗುಲವನ್ನು ಅಳೆಯಬಹುದಾದ್ದರಿಂದ ಅಲ್ಲಿ ಜಗಳಕ್ಕೆ ಎಡೆ ಕಡಿಮೆ. ಅದೇ ಆಯುಧವನ್ನು ೧೯೭೪ರಲ್ಲಿ ಮಾತಿನಿಂದಲೇ ಕಟ್ಟಿದ ನೆಲಮಾಳಿಗೆಯೊಳಕ್ಕೆ ಒಯ್ದಾಗ ಅಂಗುಲ ಮಾತ್ರ ಹಾಗೇ ಉಳಿಯಿತು. ನೆಲದಡಿಯಲ್ಲಿ ಒಂದು ಅಂಗುಲವೆಂದರೆ ಹತ್ತು ಅಡಿ, ಬಯಲಿನಲ್ಲಿ ಹತ್ತು ಗಜ ಎಂಬ ನಿಯಮ ಬಂದಿತು. ಎರಡು ಅಂಗುಲ ತ್ರಿಜ್ಯದ ಬೆಂಕಿಯುಂಡೆ ಹಾಗಾದರೆ ಬಯಲಿನಲ್ಲಿ ಅರವತ್ತು ಅಡಿಯ ತ್ರಿಜ್ಯ ಪಡೆದು ಗಾತ್ರದಲ್ಲಿ ಇಪ್ಪತ್ತೇಳು ಪಟ್ಟು ಹಿಗ್ಗುತ್ತದೆಯೆ? ಅಕ್ಷರಶಃ ಓದಿದರೆ ಹೌದು. ದೂರಕ್ಕೆ ಮಾತ್ರ ಗಜದ ಲೆಕ್ಕ, ಮಂತ್ರದ ವ್ಯಾಪ್ತಿಗೆ ಎಲ್ಲೆಡೆಯೂ ಅಡಿಯ ಲೆಕ್ಕವೇ ಎಂಬ ಸ್ಪಷ್ಟೀಕರಣ ೧೯೭೮ರ ಆಟಗಾರರ ಕೈಪಿಡಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ಬರಬೇಕಾಯಿತು.

ಮೂಲ ಪುಸ್ತಿಕೆಯ ಇತರ ಮಂತ್ರಗಳಲ್ಲಿ ಸಂದಿಗ್ಧತೆಯ ಬಗೆಗಳು ಬೇರೆ ಬೇರೆ. ಮನುಷ್ಯರನ್ನು ವಶಪಡಿಸಿಕೊಳ್ಳುವ ಚಾರ್ಮ್ ಪರ್ಸನ್ ಮಂತ್ರವು, ಅದನ್ನು ಇನ್ನೊಂದು ಮಂತ್ರದಿಂದ ತೊಡೆಯುವವರೆಗೂ ಉಳಿಯುವುದೆಂದು ಹೇಳಿತ್ತು. ಹಾಗಾಗಿ ಮೊದಲ ಮಟ್ಟದ ಮಾಂತ್ರಿಕನೂ ಬಲಿಷ್ಠ ಯೋಧನೊಬ್ಬನನ್ನು ಆಜೀವ ದಾಸನನ್ನಾಗಿ ಮಾಡಿಕೊಳ್ಳಬಹುದಾಗಿತ್ತು. ೧೯೭೫ರ ಗ್ರೇಹಾಕ್ ಪೂರಕ ಪುಸ್ತಿಕೆ ವಶನಾದವನ ಬುದ್ಧಿಮಟ್ಟಕ್ಕೆ ತಕ್ಕಂತೆ ಕಾಲಕಾಲಕ್ಕೆ ಬಿಡಿಸಿಕೊಳ್ಳುವ ಅವಕಾಶ ಕೊಟ್ಟು ಇದನ್ನು ತಿದ್ದಿತು. ನಿದ್ರೆ ಬರಿಸುವ ಸ್ಲೀಪ್ ಮಂತ್ರದ ವಿವರಣೆಯಲ್ಲಿ ಎದುರಾಳಿಗೆ ತಪ್ಪಿಸಿಕೊಳ್ಳಲು ಸಿಗುವ ದಾಳದ ಅವಕಾಶ, ಅಂದರೆ ರಕ್ಷಣಾದಾಳ, ಉಂಟೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ.

ಇವೆಲ್ಲವುಗಳಿಗಿಂತ ಆಳವಾದ ತೊಡಕು ಭ್ರಮೆ ಹುಟ್ಟಿಸುವ ಫ್ಯಾಂಟಾಸ್ಮಲ್ ಫೋರ್ಸಸ್ ಮಂತ್ರದ್ದು. ನೋಡುವವನು ಭ್ರಮೆಯನ್ನು ನಿಜವೆಂದು ನಂಬಿದರೆ ಅದರಿಂದಾಗುವ ಪೆಟ್ಟೂ ನಿಜವೇ ಎಂಬುದು ಅದರ ತಿರುಳು. ನಂಬುವುದೆಂದರೇನು? ನಂಬಬೇಕಾದದ್ದು ಪಾತ್ರವೋ, ಪಾತ್ರಧಾರಿಯೋ? ಮೇಜಿನೆದುರು ಕುಳಿತವನು ನಾನು ನಂಬುವುದಿಲ್ಲ ಎಂದು ಪ್ರತಿ ಬಾಗಿಲಲ್ಲೂ ಘೋಷಿಸುತ್ತ ಹೋದರೆ ಅವನ ಪಾತ್ರಕ್ಕೆ ನಿಜವಾದ ಡ್ರ್ಯಾಗನ್ ಎದುರಾದಾಗ ಗತಿಯೇನು? ನಾಲ್ಕೈದು ಸಾಲಿನ ನಿಯಮ ಜ್ಞಾನಮೀಮಾಂಸೆಯ ಸಮಸ್ಯೆಯೊಂದನ್ನು ಮೇಜಿನ ಮೇಲೆ ತಂದಿಟ್ಟಿತ್ತು. ೧೯೮೧ರ ಎಕ್ಸ್‌ಪರ್ಟ್ ಪುಸ್ತಕ ಭ್ರಮೆಯಿಂದ ನಿಜವಾದ ಹಾನಿಯೇ ಆಗದು, ಸತ್ತೆನೆಂದು ಭಾವಿಸಿದವನು ಕೆಲಕಾಲ ಮೂರ್ಛೆ ಹೋಗುತ್ತಾನಷ್ಟೆ ಎಂದು ಗಂಟನ್ನು ಬಿಚ್ಚುವ ಬದಲು ಕತ್ತರಿಸಿಹಾಕಿತು.

ಈ ಇತಿಹಾಸವನ್ನು ಒಂದೇ ಮಂತ್ರದಲ್ಲಿ ಓದಬೇಕೆಂದರೆ ಮ್ಯಾಜಿಕ್ ಮಿಸೈಲ್ ಅದಕ್ಕೆ ತಕ್ಕದ್ದು. ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್ ರಚಿಸಿದ ಗ್ರೇಹಾಕ್ ಪುಸ್ತಿಕೆಯಲ್ಲಿ ಇದು ಮೊದಲು ಕಾಣಿಸಿತು. ಮಾಂತ್ರಿಕನು ಸೃಷ್ಟಿಸುವ ಅಸ್ತ್ರವು ಮಂತ್ರಿಸಿದ ಬಾಣಕ್ಕೆ ಸಮವೆಂದೂ, ತಗುಲಿದ ಪ್ರಾಣಿಗೆ ಎರಡರಿಂದ ಏಳರವರೆಗೆ ಹಾನಿ ಮಾಡುವುದೆಂದೂ ಅಲ್ಲಿ ಹೇಳಲಾಗಿದೆ. ಬಾಣಕ್ಕೆ ಸಮವೆಂದ ಮೇಲೆ ಬಾಣದಂತೆಯೇ ಗುರಿ ತಪ್ಪಬಹುದೆ? ತಗುಲಿದ ಎಂಬ ಮಾತು ತಗುಲಿದರೆ ಎಂಬ ಷರತ್ತೋ, ತಗುಲಿಯೇ ತಗುಲುವ ಅಸ್ತ್ರದ ಬರಿಯ ವರ್ಣನೆಯೋ? ಎರಡು ಓದುಗಳಿಗೂ ವಾಕ್ಯ ಸಮಾನವಾಗಿ ತೆರೆದಿತ್ತು. ಮೊದಲ ಮಟ್ಟದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅವನ ಜೀವಬಲವೋ ಕತ್ತಿಯ ಒಂದೇ ಏಟಿಗೆ ಮುಗಿಯುವಂಥದ್ದು. ಆ ಒಂದು ಅಸ್ತ್ರ ತಪ್ಪಬಹುದೋ ಇಲ್ಲವೋ ಎಂಬುದರ ಮೇಲೆ ಆಟಗಾರನೊಬ್ಬನು ತಿಂಗಳುಗಟ್ಟಲೆ ಬೆಳೆಸಬಯಸಿದ ಪಾತ್ರದ ಅಳಿವು ಉಳಿವು ನಿಂತಿತ್ತು. ವಿವಾದ ಬಿಸಿಯಾದದ್ದು ಸಹಜ.

ಉತ್ತರಗಳು ಒಂದರ ಹಿಂದೊಂದು ಬಂದವು, ಒಂದಕ್ಕೊಂದು ವಿರುದ್ಧವಾಗಿ. ೧೯೭೭ರ ಬೇಸಿಕ್ ಪುಸ್ತಕವನ್ನು ಸಂಪಾದಿಸಿದ ಎರಿಕ್ ಹೋಮ್ಸ್ ವೃತ್ತಿಯಿಂದ ನರವಿಜ್ಞಾನದ ಪ್ರಾಧ್ಯಾಪಕರು. ಚದುರಿಹೋದ ನಿಯಮಗಳನ್ನು ಹೊಸಬರಿಗಾಗಿ ಒಪ್ಪಮಾಡುವ ಹೊಣೆ ಹೊತ್ತಿದ್ದರು. ಬಾಣದ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಂಡ ಅವರ ಪಠ್ಯದಲ್ಲಿ ಬಿಲ್ಲಿನ ಬಾಣಕ್ಕೆ ಹಾಕುವಂತೆಯೇ ಈ ಅಸ್ತ್ರಕ್ಕೂ ಗುರಿಯ ದಾಳ ಹಾಕಬೇಕಾಯಿತು. ಮರುವರ್ಷ ಗೈಗ್ಯಾಕ್ಸ್ ಅವರ ಅಡ್ವಾನ್ಸ್‌ಡ್ ಆವೃತ್ತಿಯ ಕೈಪಿಡಿ, ಅಸ್ತ್ರ ಎಂದೂ ಗುರಿ ತಪ್ಪದೆಂದು ಸಾರಿತು. ಹೀಗೆ ಒಂದೇ ಸಂಸ್ಥೆಯ ಎರಡು ಪುಸ್ತಕಗಳು ಅಂಗಡಿಯ ಒಂದೇ ಕಪಾಟಿನಲ್ಲಿ ನಿಂತು ಎದುರು ಬದುರು ಮಾತಾಡುತ್ತಿದ್ದವು. ೧೯೮೧ರಲ್ಲಿ ಟಾಮ್ ಮೊಲ್ಡ್‌ವೇ ಪರಿಷ್ಕರಿಸಿದ ಬೇಸಿಕ್ ಪುಸ್ತಕವೂ ಗುರಿ ತಪ್ಪದೆಂಬ ಪಕ್ಷಕ್ಕೆ ಸೇರಿದ ಮೇಲೆ ಈ ಪ್ರಶ್ನೆ ತಣ್ಣಗಾಯಿತು. ಹೋಮ್ಸ್ ಅವರ ಓದು ತಪ್ಪಾಗಿರಲಿಲ್ಲ. ಅದು ಸೋತ ವ್ಯಾಖ್ಯಾನ. ಸೋಲಿಗೆ ಕಾರಣ ವಾಕ್ಯದಲ್ಲಿರಲಿಲ್ಲ, ಅಧಿಕಾರದಲ್ಲಿತ್ತು.

ಮಂತ್ರಗಳನ್ನು ನೆನಪಿಟ್ಟುಕೊಳ್ಳುವ ಕ್ರಮದ ಬಗೆಗಿನ ವಿವಾದವೂ ಇಂಥದ್ದೇ. ಮಾಂತ್ರಿಕನು ಒಂದು ಸಾಹಸದಲ್ಲಿ ಇಂತಿಷ್ಟು ಮಂತ್ರಗಳನ್ನು ನೆನಪಿಟ್ಟು ಬಳಸಬಹುದೆಂದು ೧೯೭೪ರ ಪಠ್ಯ ಹೇಳಿತ್ತು. ನೆನಪಿರುವ ಮಂತ್ರವನ್ನು ಮತ್ತೆ ಮತ್ತೆ ಏಕೆ ಬಳಸಬಾರದೆಂಬುದು ಸಾಮಾನ್ಯ ಓದುಗನ ನ್ಯಾಯವಾದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ತಮ್ಮದೇ ಅಂಕಪದ್ಧತಿಯನ್ನು ಹೂಡಿ, ೧೯೭೫ರಲ್ಲಿ ವಾರ್ಲಾಕ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದೇ ವರ್ಷದ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಲೀ ಗೋಲ್ಡ್ ಆರಂಭಿಸಿದ ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್ ಎಂಬ ಸಹಕಾರಿ ಪತ್ರಿಕೆ, ಆಟಗಾರರು ತಂತಮ್ಮ ಮೇಜಿನ ತೀರ್ಪುಗಳನ್ನು ಪರಸ್ಪರ ಒರೆಗೆ ಹಚ್ಚುವ ವೇದಿಕೆಯಾಯಿತು. ೧೯೭೬ರ ಏಪ್ರಿಲ್‌ನಲ್ಲಿ ಟಿಎಸ್‌ಆರ್‌ನ ಸ್ಟ್ರಾಟೆಜಿಕ್ ರಿವ್ಯೂ ಪತ್ರಿಕೆಯಲ್ಲಿ ಗೈಗ್ಯಾಕ್ಸ್ ಇದಕ್ಕೆ ಉತ್ತರ ಬರೆದರು: ಮಂತ್ರವನ್ನು ಉಚ್ಚರಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುತ್ತದೆ, ಎರಡು ಬಾರಿ ಬೇಕೆಂದರೆ ಎರಡು ಬಾರಿ ಕಂಠಸ್ಥ ಮಾಡಿಕೊಳ್ಳಬೇಕು. ಇದರ ಮೂಲ ಜ್ಯಾಕ್ ವ್ಯಾನ್ಸ್ ಅವರ ಕಥೆಗಳು. ದಿ ಡೈಯಿಂಗ್ ಅರ್ತ್ ೧೯೫೦ರಲ್ಲಿ ಪ್ರಕಟವಾಗಿತ್ತು. ಆ ಕಥೆಗಳನ್ನು ಓದಿದವನಿಗೆ ನಿಯಮ ತಿಳಿಯಾಗಿತ್ತು, ಓದದವನಿಗೆ ಒಗಟಾಗಿತ್ತು. ಸಂದಿಗ್ಧತೆಯು ಎಷ್ಟೋ ವೇಳೆ ಪಠ್ಯದಲ್ಲಿರದೆ, ಪಠ್ಯಕಾರ ಮತ್ತು ಓದುಗ ಹಂಚಿಕೊಳ್ಳದ ಪೂರ್ವಜ್ಞಾನದಲ್ಲಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಇಷ್ಟಾದರೂ ಮೂಲ ಪುಸ್ತಿಕೆಗಳ ಧೋರಣೆ ಸ್ಪಷ್ಟವಾಗಿತ್ತು. ಕಲ್ಪಿಸಿಕೊಳ್ಳುವ ಕೆಲಸವನ್ನು ಲೇಖಕರಿಗೆ ಒಪ್ಪಿಸದೆ ತಮಗೆ ಬೇಕಾದಂತೆ ತೀರ್ಮಾನಿಸಿಕೊಳ್ಳಿರೆಂದು ಮೂರನೆಯ ಪುಸ್ತಿಕೆಯ ಕೊನೆಯ ಪುಟ ಓದುಗರಿಗೆ ಹೇಳಿತ್ತು. ಮುಕ್ತ ಕ್ರೀಡೆಯ ಪರಂಪರೆ ಅಲ್ಲಿ ನೇರವಾಗಿ ಮಾತಾಡುತ್ತದೆ. ಮೂರು ವರಗಳನ್ನೀಯುವ ಉಂಗುರದ ವಿಷಯದಲ್ಲಂತೂ ಪಾತ್ರಗಳು ಅದಲುಬದಲಾಗುತ್ತವೆ: ಇಲ್ಲಿ ವರದ ವಾಕ್ಯವನ್ನು ರಚಿಸುವವನು ಆಟಗಾರ, ಅದರಲ್ಲಿ ಸಂದು ಹುಡುಕುವವನು ನಿರ್ಣಾಯಕ. ಒಂದು ವರದಿಂದ ಇನ್ನಷ್ಟು ವರಗಳನ್ನು ಕೇಳುವ ದುರಾಸೆಯವನನ್ನು ಉಂಗುರ ದೊರೆತ ಕ್ಷಣಕ್ಕೇ ಮರಳಿ ಮರಳಿ ಒಯ್ಯುವ ಕಾಲಚಕ್ರದಲ್ಲಿ ಸಿಲುಕಿಸಬೇಕೆಂದು ಪುಸ್ತಿಕೆ ಸೂಚಿಸಿತು. ಭಸ್ಮಾಸುರನ ಕಥೆ ಕೇಳಿ ಬೆಳೆದವರಿಗೆ ಈ ತರ್ಕ ಅಪರಿಚಿತವೇನಲ್ಲ.

ಧೋರಣೆ ಬದಲಾಗಲು ಎರಡು ಕಾರಣಗಳು ಕೂಡಿಬಂದವು. ಮೊದಲನೆಯದು ಸ್ಪರ್ಧೆಗಳು. ೧೯೭೫ರಲ್ಲಿ ಬಾಲ್ಟಿಮೋರ್‌ನ ಮೊದಲ ಒರಿಜಿನ್ಸ್ ಸಮಾವೇಶದಲ್ಲಿ ಟೂಂಬ್ ಆಫ್ ಹಾರರ್ಸ್ ಎಂಬ ಸಾಹಸವನ್ನು ಸ್ಪರ್ಧೆಗೆ ಇಡಲಾಯಿತು. ಒಂದೇ ನೆಲಮಾಳಿಗೆಯನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ನಿರ್ಣಾಯಕರ ಮುಂದೆ ಆಡಿದಾಗ, ಒಬ್ಬರ ಮೇಜಿನಲ್ಲಿ ಫಲಿಸಿದ ಮಂತ್ರ ಇನ್ನೊಬ್ಬರ ಮೇಜಿನಲ್ಲಿ ಫಲಿಸದಿದ್ದರೆ ಸ್ಪರ್ಧೆಗೆ ಅರ್ಥವಿಲ್ಲ. ಎರಡನೆಯದು ವ್ಯವಹಾರ. ೧೯೭೭ರಿಂದ ೧೯೭೯ರವರೆಗೆ ಮೂರು ಸಂಪುಟಗಳಲ್ಲಿ ಬಂದ ಅಡ್ವಾನ್ಸ್‌ಡ್ ಆವೃತ್ತಿಯನ್ನು ಗೈಗ್ಯಾಕ್ಸ್ ಬೇರೆಯೇ ಆಟವೆಂದು, ಎಲ್ಲೆಡೆ ಏಕರೂಪವಾಗಿ ಆಡಬೇಕಾದದ್ದೆಂದು ೧೯೭೯ರಲ್ಲಿ ಡ್ರ್ಯಾಗನ್ ಪತ್ರಿಕೆಯಲ್ಲಿ ವಾದಿಸಿದರು. ಅದೇ ವರ್ಷ ಗೌರವಧನದ ವಿಷಯದಲ್ಲಿ ಆರ್ನೆಸನ್ ಟಿಎಸ್‌ಆರ್ ಮೇಲೆ ದಾವೆ ಹೂಡಿದರು. ಅದು ೧೯೮೧ರಲ್ಲಿ ರಾಜಿಯಲ್ಲಿ ಮುಗಿಯಿತು. ಏಕರೂಪತೆಯ ಘೋಷಣೆಯನ್ನು ಓದುವಾಗ ಈ ದಾವೆಯನ್ನು ಮರೆಯುವಂತಿಲ್ಲ.

ಅಡ್ವಾನ್ಸ್‌ಡ್ ಆವೃತ್ತಿಯ ನಿಖರತೆ ಹೊಸ ತೊಡಕುಗಳನ್ನು ತಂದದ್ದು ವಿಪರ್ಯಾಸ. ಇಕ್ಕಟ್ಟಿನಲ್ಲಿ ಬೆಂಕಿಯುಂಡೆ ಆ ಜಾಗದ ಆಕಾರಕ್ಕೆ ಹೊಂದಿಕೊಳ್ಳುವುದೆಂದು ಹಳೆಯ ಪಠ್ಯ ಸಡಿಲವಾಗಿ ಹೇಳಿತ್ತು. ೧೯೭೮ರ ಕೈಪಿಡಿ ಅದು ಸುಮಾರು ೩೩,೦೦೦ ಘನ ಅಡಿಗಳನ್ನು ತುಂಬುವುದೆಂದು ಲೆಕ್ಕ ಕೊಟ್ಟಿತು. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಸುರಂಗದಲ್ಲಿ ಆ ಬೆಂಕಿ ೩೩೦ ಅಡಿ ಉದ್ದಕ್ಕೆ ಹರಿದು, ಎಸೆದವನ ಸಂಗಡಿಗರನ್ನೂ ಸುಡುತ್ತದೆ. ಗಣಿತ ಬಲ್ಲ ಆಟಗಾರ ಈಗ ಭಾಗಾಕಾರ ಮಾಡುತ್ತ ಕೂರಬೇಕಾಯಿತು. ಅರೆತೆರೆದ ಬಾಗಿಲು, ಹೊಗೆಗಂಡಿಗಳಲ್ಲಿ ಎಷ್ಟು ಬೆಂಕಿ ಸೋರಿತೆಂಬ ಪ್ರಶ್ನೆಯನ್ನು ಸಂಖ್ಯೆಯೇ ಹುಟ್ಟಿಸಿತು. ಮಾಸ್ಟರನೇ ಅಂತಿಮ ನಿರ್ಣಾಯಕನೆಂಬ ಮಾತನ್ನು ೧೯೭೯ರ ಮಾರ್ಗದರ್ಶಿ ಗ್ರಂಥ ಬಿಟ್ಟುಕೊಡಲಿಲ್ಲ. ಏಕರೂಪತೆ ಬೇಕು, ನಿರ್ಣಾಯಕನ ಸ್ವಾತಂತ್ರ್ಯವೂ ಬೇಕು ಎಂಬ ಎರಡು ದೋಣಿಯ ಪಯಣ ಅಲ್ಲಿಂದ ಆರಂಭ.

೧೯೭೯ರ ನವೆಂಬರ್‌ನ ಡ್ರ್ಯಾಗನ್ ಸಂಚಿಕೆಯಲ್ಲಿ ಸೇಜ್ ಅಡ್ವೈಸ್ ಎಂಬ ಪ್ರಶ್ನೋತ್ತರ ಅಂಕಣ ಆರಂಭವಾಯಿತು. ಮೊದಲ ಉತ್ತರಕರ್ತೆ ಟಿಎಸ್‌ಆರ್‌ನ ವಿನ್ಯಾಸಕಿ ಜೀನ್ ವೆಲ್ಸ್. ಮೇಜಿನ ಜಗಳವನ್ನು ಅಂಚೆಯಲ್ಲಿ ಕಳಿಸಿ ತಿಂಗಳುಗಳ ಬಳಿಕ ಅಚ್ಚಿನಲ್ಲಿ ತೀರ್ಪು ಪಡೆಯುವ ಈ ವ್ಯವಸ್ಥೆಯಲ್ಲಿ ನಿರ್ಣಾಯಕನ ತಲೆಯ ಮೇಲೊಂದು ಮೇಲ್ಮನವಿ ನ್ಯಾಯಾಲಯ ಸ್ಥಾಪಿತವಾದಂತಾಯಿತು. ಗೈಗ್ಯಾಕ್ಸ್ ೧೯೮೫ರಲ್ಲಿ ಸಂಸ್ಥೆಯ ಮೇಲಿನ ಹಿಡಿತ ಕಳೆದುಕೊಂಡು ಮರುವರ್ಷ ಹೊರನಡೆದರು. ಅಲ್ಲಿಗೆ ಪಠ್ಯಕಾರ ಬೇರೆ, ಪಠ್ಯದ ಒಡೆಯ ಬೇರೆ ಆದರು; ಮೂಲ ಆಶಯವೇನಿತ್ತೆಂದು ಕೇಳಿದರೆ ಉತ್ತರಿಸಬೇಕಾದವರು ಇನ್ನೊಬ್ಬರು. ಆ ದಶಕದ ಉತ್ತರಾರ್ಧದಿಂದ ೨೦೦೪ರವರೆಗೆ ಅಂಕಣವನ್ನು ನಡೆಸಿದ ಸ್ಕಿಪ್ ವಿಲಿಯಮ್ಸ್ ಅವರು ವ್ಯಾಖ್ಯಾನಕಾರನ ಸ್ಥಾನಕ್ಕೆ ಸ್ವತಂತ್ರ ಪ್ರತಿಷ್ಠೆ ತಂದರು. ೧೯೮೯ರ ಎರಡನೆಯ ಆವೃತ್ತಿ ಈ ದೃಷ್ಟಿಯಿಂದ ಹೆಚ್ಚಿನದೇನನ್ನೂ ಬದಲಿಸಲಿಲ್ಲ.

೧೯೯೭ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಗೆ ಇಸ್ಪೀಟಿನಂಥ ಎಲೆಗಳ ಸ್ಪರ್ಧಾತ್ಮಕ ಆಟದಲ್ಲಿ ಪಳಗಿದ ಬಿಗಿಯಾದ ನಿಯಮಭಾಷೆಯ ಅನುಭವವಿತ್ತು. ವಿಲಿಯಮ್ಸ್ ಅವರೂ ಸೇರಿ ಮೂವರು ಮುಖ್ಯ ವಿನ್ಯಾಸಕರು ರೂಪಿಸಿದ ೨೦೦೦ದ ಮೂರನೆಯ ಆವೃತ್ತಿಯಲ್ಲಿ ಮಂತ್ರದ ವ್ಯಾಪ್ತಿಗೆ ಸ್ಫೋಟ, ಹೊರಸೂಸುವಿಕೆ, ಹರಡುವಿಕೆ ಎಂಬ ಪ್ರತ್ಯೇಕ ಪರಿಭಾಷೆಗಳು ಬಂದವು. ಬೆಂಕಿಯುಂಡೆ ಹರಡುವಿಕೆಯಾಗಿ, ಘನ ಅಡಿಗಳ ಲೆಕ್ಕ ಕಣ್ಮರೆಯಾಯಿತು. ೨೦೦೮ರ ನಾಲ್ಕನೆಯ ಆವೃತ್ತಿ ಇನ್ನೂ ಮುಂದೆ ಹೋಗಿ ವರ್ಣನೆಯನ್ನು ಓರೆ ಅಕ್ಷರಗಳಲ್ಲಿ, ನಿಯಮವನ್ನು ನೆಟ್ಟ ಅಕ್ಷರಗಳಲ್ಲಿ ಬೇರ್ಪಡಿಸಿ ಮುದ್ರಿಸಿತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ವಿಧಿ ಮತ್ತು ಅರ್ಥವಾದಗಳ ನಡುವೆ ಅಚ್ಚಿನಲ್ಲೇ ಗೆರೆ ಎಳೆದಂತೆ. ಸಂದಿಗ್ಧತೆ ತಗ್ಗಿತೆಂಬುದು ನಿಜ. ಮಂತ್ರವು ಮಂತ್ರದಂತೆ ಅನಿಸುವುದಿಲ್ಲವೆಂಬ ಹಳೆಯ ಆಟಗಾರರ ಆಕ್ಷೇಪಣೆಯನ್ನೂ ಹಳಹಳಿಕೆಯೆಂದು ತಳ್ಳಿಹಾಕಲಾಗದು. ಬೆಂಕಿಯ ಮಂತ್ರದಿಂದ ಮೇಣದಬತ್ತಿ ಹೊತ್ತಿಸಬಹುದೆ ಎಂಬಂಥ ಪ್ರಶ್ನೆಗೆ ಎಡೆಯಿರುವುದು ವರ್ಣನೆಗೂ ನಿಯಮದ ತೂಕವಿದ್ದಾಗ ಮಾತ್ರ.

೨೦೧೪ರ ಐದನೆಯ ಆವೃತ್ತಿ ಬುದ್ಧಿಪೂರ್ವಕವಾಗಿ ಸಹಜ ಭಾಷೆಗೆ ಮರಳಿ, ತೀರ್ಪನ್ನು ಮತ್ತೆ ಮೇಜಿಗೆ ಒಪ್ಪಿಸುವುದಾಗಿ ಹೇಳಿಕೊಂಡಿತು. ೨೦೧೫ರಲ್ಲಿ ಸೇಜ್ ಅಡ್ವೈಸ್ ಅಂಕಣವನ್ನು ಮತ್ತೆ ಆರಂಭಿಸಿದ ಜೆರೆಮಿ ಕ್ರಾಫರ್ಡ್ ವ್ಯಾಖ್ಯಾನಕ್ಕೆ ಮೂರು ದೃಷ್ಟಿಗಳನ್ನು ಗುರುತಿಸಿದರು: ಬರೆದ ಅಕ್ಷರದಂತೆ ಓದುವುದು, ಬರೆದವರ ಉದ್ದೇಶದಂತೆ ಓದುವುದು, ಆಟದ ಸಂತೋಷಕ್ಕೆ ತಕ್ಕಂತೆ ಓದುವುದು. ಅಷ್ಟು ಹೊತ್ತಿಗೆ ಪ್ರಶ್ನೆ ಅಂಚೆಯಲ್ಲಿ ಬರುತ್ತಿರಲಿಲ್ಲ. ಟ್ವಿಟರ್‌ನಲ್ಲಿ ಕೇಳಿದ್ದಕ್ಕೆ ಟ್ವಿಟರ್‌ನಲ್ಲೇ ಉತ್ತರ ದೊರೆಯುತ್ತಿತ್ತು. ಅವರ ಒಂದೊಂದು ಸಾಲಿನ ಉತ್ತರವೂ ಶಾಸನದಂತೆ ಉದ್ಧೃತವಾಗತೊಡಗಿ, ಆಟ ಅರ್ಧಕ್ಕೆ ನಿಂತು ಕೈಫೋನಿನಲ್ಲಿ ತೀರ್ಪು ಹುಡುಕುವ ಸ್ಥಿತಿ ಬಂದಿತು. ಇಂಥ ಹೇಳಿಕೆಗಳು ಸಲಹೆಗಳೇ ಹೊರತು ಅಧಿಕೃತ ತೀರ್ಪುಗಳಲ್ಲವೆಂದು ಸೇಜ್ ಅಡ್ವೈಸ್ ಸಂಕಲನದ ನಂತರದ ಆವೃತ್ತಿಗಳು ಎಚ್ಚರಿಸಬೇಕಾಯಿತು.

ಅಕ್ಷರನಿಷ್ಠೆ ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಅದೃಶ್ಯರನ್ನು ಕಾಣಿಸುವ ಸೀ ಇನ್‌ವಿಸಿಬಿಲಿಟಿ ಮಂತ್ರ ತೋರಿಸುತ್ತದೆ. ೨೦೧೪ರ ಪಠ್ಯದಲ್ಲಿ ಅದೃಶ್ಯ ಸ್ಥಿತಿಗೆ ಎರಡು ಬೇರೆ ಬೇರೆ ಅಂಶಗಳಿದ್ದವು: ಒಂದು, ಕಾಣಿಸದಿರುವುದು; ಇನ್ನೊಂದು, ದಾಳಿಯಲ್ಲಿ ದೊರೆಯುವ ಅನುಕೂಲ. ಮಂತ್ರವು ಮೊದಲನೆಯದನ್ನಷ್ಟೇ ತೊಡೆಯುತ್ತದೆ. ಹಾಗಾಗಿ ಎದುರಾಳಿಯನ್ನು ಕಣ್ಣಾರೆ ಕಾಣುವವನಿಗೂ ಅವನ ಅದೃಶ್ಯತೆಯ ಅನುಕೂಲ ಕಾಡುತ್ತದೆಂಬ ವಿಚಿತ್ರ ಓದು ವ್ಯಾಕರಣದಿಂದ ಸಿದ್ಧವಾಯಿತು; ಪಠ್ಯ ಹಾಗೆಯೇ ಇದೆಯೆಂದು ಕ್ರಾಫರ್ಡ್ ಒಪ್ಪಿಕೊಂಡರು. ಬಹುತೇಕ ನಿರ್ಣಾಯಕರು ಅದನ್ನು ಪಾಲಿಸದಿದ್ದರೆ ಅಚ್ಚರಿಯಿಲ್ಲ. ೨೦೨೪ರ ಪರಿಷ್ಕೃತ ಕೈಪಿಡಿಯಲ್ಲಿ, ಕಾಣಬಲ್ಲವನ ಮೇಲೆ ಆ ಅನುಕೂಲ ನಡೆಯದೆಂಬ ಮಾತನ್ನು ಸೇರಿಸಲಾಯಿತು.

ಗುರಿ ತಪ್ಪದೆಂದು ೧೯೭೮ರಲ್ಲೇ ನಿಶ್ಚಯವಾಗಿದ್ದ ಮ್ಯಾಜಿಕ್ ಮಿಸೈಲ್ ಐದನೆಯ ಆವೃತ್ತಿಯಲ್ಲಿ ಬೇರೊಂದು ಪ್ರಶ್ನೆಯೊಂದಿಗೆ ಮರಳಿತು. ಮೂರು ಅಸ್ತ್ರಗಳು ಏಕಕಾಲದಲ್ಲಿ ತಾಗುತ್ತವೆ. ಹಾನಿಯ ದಾಳವನ್ನು ಮೂರು ಬಾರಿ ಹಾಕಬೇಕೋ, ಒಮ್ಮೆ ಹಾಕಿ ಮೂರಕ್ಕೂ ಅನ್ವಯಿಸಬೇಕೋ? ಒಂದಕ್ಕಿಂತ ಹೆಚ್ಚು ಗುರಿಗಳಿಗೆ ಏಕಕಾಲದಲ್ಲಿ ಹಾನಿಯಾದರೆ ದಾಳ ಒಮ್ಮೆ ಮಾತ್ರ ಎಂಬ ಸಾಮಾನ್ಯ ನಿಯಮ ೨೦೧೪ರ ಕೈಪಿಡಿಯ ಬೇರೊಂದು ಅಧ್ಯಾಯದಲ್ಲಿತ್ತು. ಅದನ್ನು ಆಧರಿಸಿ ಒಮ್ಮೆ ಮಾತ್ರವೆಂದು ಕ್ರಾಫರ್ಡ್ ವಿವರಿಸಿದರು. ಇದರಿಂದ, ದಾಳಕ್ಕೊಮ್ಮೆ ಬುದ್ಧಿಬಲವನ್ನು ಕೂಡಿಸಿಕೊಳ್ಳಬಲ್ಲ ಪಳಗಿದ ಮಾಂತ್ರಿಕನಿಗೆ ಆ ಲಾಭ ಮೂರೂ ಅಸ್ತ್ರಗಳಲ್ಲಿ ದೊರೆಯಿತು. ಎಷ್ಟೋ ಮೇಜುಗಳು ಮೂರು ದಾಳ ಉರುಳಿಸುವ ಹಳೆಯ ಸುಖವನ್ನು ಬಿಡಲಿಲ್ಲ. ೨೦೨೪ರ ಕೈಪಿಡಿಯಲ್ಲಿ ಆ ಸಾಮಾನ್ಯ ನಿಯಮವನ್ನು ಹಲವು ಗುರಿಗಳು ಏಕಕಾಲದಲ್ಲಿ ರಕ್ಷಣಾದಾಳ ಹಾಕಬೇಕಾದ ಪರಿಣಾಮಗಳಿಗೆ ಸಂಬಂಧಿಸಿ ಬರೆಯಲಾಗಿದೆ. ಉದಾಹರಣೆಯಾಗಿ ಕೊಟ್ಟಿರುವುದು ಬೆಂಕಿಯುಂಡೆಯನ್ನು. ಮ್ಯಾಜಿಕ್ ಮಿಸೈಲ್‌ಗೆ ರಕ್ಷಣಾದಾಳವಿಲ್ಲ. ಹಳೆಯ ವಿವರಣೆ ನಿಂತಿದ್ದ ಆಧಾರ ಹೀಗೆ ಸರಿದುಹೋದ ಮೇಲೆ, ಮೂರು ಅಸ್ತ್ರಗಳಿಗೆ ಎಷ್ಟು ದಾಳವೆಂಬುದನ್ನು ಮೇಜಿನ ತಲೆಯಲ್ಲಿ ಕುಳಿತವರು ಮತ್ತೆ ಹೇಳಬೇಕಾಗಿದೆ.